ಹೊರಗಿನ ಚಿಲಕ

ಬೆಳಿಗ್ಗೆ ಎಡಗೈಯಲ್ಲಿದ್ದ ಲೋಟ ಮಧ್ಯಾಹ್ನದ ಶಾಟ್‌ನಲ್ಲಿ ಬಲಗೈಗೆ ಹೋಗಿರಬಾರದು. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸಿನಿಮಾದವರು ಆ ಕೆಲಸಕ್ಕೆ ಕಂಟಿನ್ಯುಟಿ ಅನ್ನುತ್ತಾರೆ, ನನಗೆ ಪುಸ್ತಕದಮ್ಮ ಅನ್ನುತ್ತಾರೆ. ನಲವತ್ತು ವರ್ಷದಿಂದ ಕಂಡದ್ದನ್ನೆಲ್ಲ ಬರೆದಿಟ್ಟಿದ್ದೇನೆ. ಬರೆಯಬಾರದ್ದನ್ನೂ ಬರೆದಿಟ್ಟೆ, ಅಲ್ಲೇ ಎಡವಿದ್ದು.

ಮೂವತ್ತು ವರ್ಷದ ಹಿಂದೆ ನನ್ನ ಅಣ್ಣ ಒಂದು ದೆವ್ವದ ಸಿನಿಮಾ ಮಾಡಿದ. ಅದರ ಕಥೆ ಈಗ ಯಾರಿಗೂ ನೆನಪಿಲ್ಲ. ನೆನಪಿರುವುದು ಒಂದೇ ದೃಶ್ಯ. ದೆವ್ವಕ್ಕೆ ಹೆದರಿದ ಹುಡುಗಿಯೊಬ್ಬಳು ಮರದ ಬೀರುವಿನೊಳಗೆ ಬಚ್ಚಿಟ್ಟುಕೊಂಡಿರುತ್ತಾಳೆ, ಬಾಗಿಲು ತೆರೆದುಕೊಳ್ಳುತ್ತದೆ, ಅವಳ ಮುಖ ಕಾಣುತ್ತದೆ. ಆ ಮುಖ ನೋಡಿ ಮೀಸೆ ಹೊತ್ತ ಗಂಡಸರು ಕುರ್ಚಿ ಬಿಟ್ಟು ಎದ್ದಿದ್ದರು. ಹುಡುಗಿ ಅಣ್ಣನ ಮಗಳೇ, ಆಗ ಆರು ವರ್ಷ. ಅವಳಿಗೆ ಪ್ರಶಸ್ತಿ ಬಂತು. ಅಂದಿನಿಂದ ಅವಳು ಕಾಲೂರಿ ನಿಂತಿರುವುದು ಆ ಪ್ರಶಸ್ತಿಯ ಮೇಲೆಯೇ. ಯಾರಾದರೂ ಮೈಕ್ ಹಿಡಿದರೆ ಸಾಕು, ಅದೇ ಹಳೇ ರಾಗ: ಮುರಿದ ಬೊಂಬೆಯನ್ನು ನೆನಪಿಸಿಕೊಂಡೆ, ಭಯ ತಾನಾಗೇ ಬಂತು, ಒಂದೇ ಟೇಕ್.

ಅಣ್ಣ ತೀರಿಕೊಂಡ ಮೇಲೆ ಅವಳೂ ನಿರ್ದೇಶಕಿಯಾದಳು. ಎರಡು ಸಿನಿಮಾ ಮಾಡಿದಳು, ಎರಡೂ ಮಕಾಡೆ ಮಲಗಿದವು. ಮೂರನೆಯದಕ್ಕೆ ಅಪ್ಪನ ಸಿನಿಮಾದ ಎರಡನೇ ಭಾಗಕ್ಕೇ ಕೈ ಹಾಕಿದಳು. ದೆವ್ವದ ಸಿನಿಮಾದ ಎರಡನೇ ಭಾಗ ಎಂದಾದರೂ ಮೊದಲನೆಯದಕ್ಕೆ ಸಾಟಿಯಾದದ್ದುಂಟೇ ಎಂದು ಪತ್ರಿಕೆಯವರು ಮುಹೂರ್ತದ ದಿನವೇ ಮೂಗು ಮುರಿದರು. ಅವಳು ಹಲ್ಲು ಕಚ್ಚಿ ಅದೇ ಬೀರುವನ್ನು ಗೋದಾಮಿನಿಂದ ತರಿಸಿದಳು, ಗೆದ್ದಲು ಕೊಡವಿಸಿ ಬಣ್ಣ ಬಳಿಸಿದಳು. ಒಳಗೆ ಕೂರಲು ತನ್ನ ಆರು ವರ್ಷದ ಮಗಳನ್ನು ಕರೆತಂದಳು.

ಆ ಮಗುವನ್ನು ನಾವೆಲ್ಲ ಗಿಣಿ ಎಂದೇ ಕರೆಯುವುದು. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ನಿಮ್ಮ ಮೀಸೆ ಯಾಕೆ ಒಂದು ಕಡೆ ಮಾತ್ರ ದಪ್ಪ ಎಂದು ಲೈಟಿನವನನ್ನು ಕೇಳುವವಳು. ದೆವ್ವದ ವೇಷದವನನ್ನು ಕೂರಿಸಿಕೊಂಡು ಅವನ ಉದ್ದನೆಯ ಉಗುರಿಗೆ ಬಣ್ಣ ಹಚ್ಚುವವಳು. ಇಂಥವಳು ಅವನಿಗೆ ಹೆದರುವುದುಂಟೇ? ಬೀರುವಿನ ಬಾಗಿಲು ತೆರೆದರೆ ಕಣ್ಣರಳಿಸಿ, ಬಾಯಿ ತೆರೆದು, ಹಲ್ಲು ಬಿದ್ದ ಜಾಗವನ್ನು ಕ್ಯಾಮೆರಾಕ್ಕೆ ತೋರಿಸುತ್ತಿದ್ದಳು.

ಮೊದಲ ದಿನ ಹತ್ತೊಂಬತ್ತು ಟೇಕ್ ಆಯಿತು. ಮುರಿದ ಬೊಂಬೆಯನ್ನು ನೆನಪಿಸಿಕೋ ಎಂದು ಅಮ್ಮ ಹೇಳಿಕೊಟ್ಟಳು. ನನ್ನ ಬೊಂಬೆ ಮುರಿದಿಲ್ಲವಲ್ಲ ಎಂದಳು ಗಿಣಿ. ಸೆಟ್ಟಿನವರೆಲ್ಲ ಗೊಳ್ಳೆಂದು ನಕ್ಕರು, ಅಮ್ಮ ನಗಲಿಲ್ಲ. ಮರುದಿನ ಬೆಳಿಗ್ಗೆ ಮಗುವಿನ ಕೈಯಿಂದ ಬೊಂಬೆ ಕಿತ್ತುಕೊಂಡು, ಎಲ್ಲರೆದುರು ಅದರ ಕತ್ತು ತಿರುಚಿ ಎರಡು ತುಂಡು ಮಾಡಿ, ಹಿಂದೆಯೇ ಕ್ಯಾಮೆರಾ ಓಡಿಸಿದಳು. ಗಿಣಿ ಬಿಕ್ಕಿ ಬಿಕ್ಕಿ ಅತ್ತಳು. ಆದರೆ ಅಳು ಬೇರೆ, ಭಯ ಬೇರೆ. ಮಾನಿಟರಿನಲ್ಲಿ ಕಂಡದ್ದು ಬೊಂಬೆ ಕಳೆದುಕೊಂಡ ಮಗು, ಅಷ್ಟೇ.

ಮೂರನೇ ದಿನ ಅಮ್ಮನ ನಾಲಿಗೆ ಲಂಗುಲಗಾಮಿಲ್ಲದೆ ಹರಿಯಿತು. ನಿನ್ನ ವಯಸ್ಸಲ್ಲಿ ನಾನು ಒಂದೇ ಟೇಕ್‌ನಲ್ಲಿ ಮಾಡಿದ್ದೆ, ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಹೌದಾ ಎಂದು ಮೇಕಪ್ಪಿನವರು, ಡ್ರೈವರುಗಳ ಮುಂದೆಯೇ ಕೇಳಿದಳು. ಗಿಣಿ ಊಟದ ತಟ್ಟೆ ಕೆಳಗಿಟ್ಟು ನನ್ನ ಹತ್ತಿರ ಬಂದಳು.

“ನಂಗ್ಯಾಕೆ ಬರಲ್ಲ ಅಜ್ಜಿ? ಅಮ್ಮಂಗೆ ಬಂತಲ್ಲ.”

ಅಮ್ಮನಿಗೂ ಬಂದಿರಲಿಲ್ಲ ಎಂಬುದು ಬದುಕಿರುವವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅದನ್ನು ಹೇಳಿಬಿಟ್ಟರೆ ಈ ಮಗುವನ್ನು ಗೋಳುಹೊಯ್ದುಕೊಳ್ಳುವುದು ನಿಲ್ಲುತ್ತದೆ ಎಂದುಕೊಂಡೆ.

ಅಣ್ಣನ ಮಗಳನ್ನು ಮೇಕಪ್ ಕೋಣೆಗೆ ಕರೆದು, ಬಾಗಿಲು ಹಾಕಿ, ಮೊದಲ ಸಿನಿಮಾದ ಹಳೆಯ ಪುಸ್ತಕ ತೆಗೆದು ಅವಳ ಮುಂದಿಟ್ಟೆ. ನನ್ನದೇ ಅಕ್ಷರ: ಬೀರು, ಹೊರಗಿನ ಚಿಲಕ, ಏಳು ನಿಮಿಷ.

“ನೀನು ಆಕ್ಟ್ ಮಾಡಿರಲಿಲ್ಲ ಕಣೇ,” ಎಂದೆ.

ಉಳಿದದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಅಣ್ಣ ಬೀರುವಿಗೆ ಹೊರಗಿನಿಂದ ಚಿಲಕ ಹಾಕಿಸಿದ್ದ. ಅವಳನ್ನು ಒಳಗೆ ಕೂರಿಸಿ, ಇವತ್ತಿಗೆ ಸಾಕು, ಬೀಗ ಹಾಕಿಕೊಂಡು ಎಲ್ಲರೂ ಹೊರಡಿ ಎಂದು ಗಟ್ಟಿಯಾಗಿ ಕೂಗಿದ. ಎಲ್ಲರೂ ಧಡಧಡ ಹೆಜ್ಜೆ ಹಾಕಿ ಹೊರಗೆ ಹೋದರು. ದೀಪ ಆರಿತು, ವ್ಯಾನ್ ಹೊರಟುಹೋದ ಸದ್ದಾಯಿತು. ಆಮೇಲೆ ನಾನು, ಅಣ್ಣ, ಕ್ಯಾಮೆರಾದವನು, ಅಂದಿನ ದೆವ್ವದ ವೇಷದವನು, ನಾಲ್ಕು ಜನ ಬರಿಗಾಲಲ್ಲಿ ಒಳಗೆ ಬಂದೆವು. ಚಿಲಕ ಹಿಡಿದವಳು ನಾನು. ನಾಲ್ಕನೇ ನಿಮಿಷಕ್ಕೆ ಅವಳು ಒಳಗಿನಿಂದ ‘ಅತ್ತೆ’ ಎಂದು ಕರೆದಳು. ನಾನು ಗಡಿಯಾರ ನೋಡಿದೆ. ಏಳಾದ ಮೇಲೆ ದೆವ್ವ ಬಾಗಿಲು ಕೆರೆಯಿತು, ನಾನು ಚಿಲಕ ತೆಗೆದೆ. ಆಮೇಲೆ ಐದು ದಿನ ಜ್ವರ. ಜ್ವರ ಬಿಟ್ಟಾಗ ಅಣ್ಣ ತಲೆಯ ಹತ್ತಿರ ಕೂತು, ಎಂಥ ಆಕ್ಟಿಂಗ್, ನನ್ನ ಚಿನ್ನ ಎಂದ. ಬೊಂಬೆಯ ಕಥೆ ಕಟ್ಟಿದವನೂ ಅವನೇ. ಮುರಿದ ಬೊಂಬೆ ಇರಲೇ ಇಲ್ಲ.

ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡಿದ್ದೆ. ಇಲ್ಲವೇ ಓಡಿಹೋಗಿ ಮಗಳನ್ನು ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಕನ್ನಡಿಯಲ್ಲಿ ತನ್ನ ಮುಖವನ್ನೊಮ್ಮೆ ನೋಡಿಕೊಂಡಳು. ಆಮೇಲೆ ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟಳು.

“ಅತ್ತೆ, ಈ ಏಳು ನಿಮಿಷ ವ್ಯಾನ್ ಹೋದ ಮೇಲಿಂದಾನಾ, ದೀಪ ಆರಿಸಿದ ಮೇಲಿಂದಾನಾ?”

ಬೇಡ ಎಂದು ಕೈ ಮುಗಿದೆ. ನೀವು ಚಿಲಕ ಹಿಡಿಯದಿದ್ದರೆ ಬೇರೆಯವರು ಹಿಡಿಯುತ್ತಾರೆ ಎಂದಳು. ಬೇರೆಯವರಿಗಿಂತ ನಾನೇ ಇದ್ದರೆ ವಾಸಿ ಎಂದುಕೊಂಡೆ. ಹೇಡಿಗಳೆಲ್ಲ ಹೀಗೇ ಅಂದುಕೊಳ್ಳುವುದು.

ಅಂದು ಮಧ್ಯಾಹ್ನವೇ ನಡೆಯಿತು. ಕೂಗು, ಹೆಜ್ಜೆ ಸದ್ದು, ದೀಪ, ವ್ಯಾನ್, ಯಾವುದೂ ತಪ್ಪಲಿಲ್ಲ. ಬಾಗಿಲ ಎಡಗಡೆ ಚಿಲಕ ಹಿಡಿದು ನಾನು, ನನಗೆ ಅಂಟಿಕೊಂಡು ಗಿಣಿಯ ಅಮ್ಮ. ಮೊದಲು ಗಿಣಿ ಹಾಡು ಹೇಳಿಕೊಂಡಳು. ಆಮೇಲೆ ದೆವ್ವದ ವೇಷದವನನ್ನು ಮಾಮಾ ಎಂದು ಕರೆದಳು. ಆಮೇಲೆ ಬಾಗಿಲನ್ನು ಗುದ್ದಲು ಶುರುಮಾಡಿದಳು. ಐದನೇ ನಿಮಿಷಕ್ಕೆ ‘ಅಮ್ಮಾ’ ಎಂದ ಆ ದನಿ ಕೇಳಿ ನನ್ನ ಕೈ ತಾನಾಗೇ ಚಿಲಕ ತೆಗೆಯಲು ಹೋಯಿತು. ಅವಳು ನನ್ನ ಮಣಿಕಟ್ಟು ಹಿಡಿದಳು.

“ಇನ್ನೂ ಎರಡು ನಿಮಿಷ ಇದೆ,” ಎಂದು ಪಿಸುಗುಟ್ಟಿದಳು. “ನಾನು ತಡ್ಕೊಂಡಿಲ್ವಾ?”

ಒಳಗೆ ಗುದ್ದುವುದು ಥಟ್ಟನೆ ನಿಂತಿತು. ಮಗು ದಣಿಯಿತು ಎಂದುಕೊಂಡೆವು. ಉಳಿದ ಎರಡು ನಿಮಿಷ ಒಂದು ಉಸಿರೂ ಕೇಳಿಸಲಿಲ್ಲ. ದೆವ್ವ ಕೆರೆಯಿತು, ಬಾಗಿಲು ತೆರೆಯಿತು.

ಆ ಮುಖದ ಬಗ್ಗೆ ನಾನು ಏನೂ ಬರೆದುಕೊಳ್ಳಲಿಲ್ಲ, ಒಂದನ್ನು ಬಿಟ್ಟು. ಮೊದಲ ಸಿನಿಮಾದಲ್ಲಿ ಮಗು ನೇರ ದೆವ್ವವನ್ನು ನೋಡುತ್ತದೆ. ಗಿಣಿ ದೆವ್ವದ ಕಡೆ ತಿರುಗಿಯೂ ನೋಡಿರಲಿಲ್ಲ, ಅವಳ ಕಣ್ಣು ಬಾಗಿಲ ಎಡಕ್ಕೆ ನೆಟ್ಟಿತ್ತು. ಹೊಂದುವುದಿಲ್ಲ ಎಂದು ಹೇಳಿದೆ. ಇರಲಿ, ಅಲ್ಲಿ ಇನ್ನೊಂದು ದೆವ್ವ ಇದ್ದ ಹಾಗಿದೆ ಎಂದು ಅಮ್ಮ ಕುಣಿದಾಡಿದಳು. ಮಗಳನ್ನು ಎತ್ತಿಕೊಂಡು, ಎಂಥ ಆಕ್ಟಿಂಗ್, ನನ್ನ ಚಿನ್ನ ಎಂದಳು. ಗಿಣಿಗೆ ಜ್ವರ ಬರಲಿಲ್ಲ. ಮಾತು ಮಾತ್ರ ನಿಂತುಹೋಯಿತು, ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ.

ಸಿನಿಮಾ ಬಿಡುಗಡೆಯಾದ ದಿನ ಮಧ್ಯಾಹ್ನದ ಆಟಕ್ಕೆ ಗಿಣಿ ನಮ್ಮಿಬ್ಬರ ನಡುವೆ ಕೂತಿದ್ದಳು. ಬೀರು ತೆರೆದಾಗ ಚಿತ್ರಮಂದಿರವೇ ಕಿರುಚಿತು. ಮೂಗು ಮುರಿದಿದ್ದ ಪತ್ರಿಕೆಯವರೇ ಆಟ ಮುಗಿದ ಮೇಲೆ ಅಮ್ಮನ ಕೈ ಕುಲುಕಿ, ಎರಡನೆಯದು ಮೊದಲನೆಯದನ್ನು ಮೀರಿಸಿತು, ಮಗು ಎಡಕ್ಕೆ ನೋಡುವುದಿದೆಯಲ್ಲ, ಅದನ್ನು ಹೇಗೆ ತೆಗೆದಿರಿ ಎಂದು ಕೇಳುತ್ತ ಹೊರಗೆ ಕರೆದೊಯ್ದರು. ಖಾಲಿ ಕುರ್ಚಿಗಳ ನಡುವೆ ನಾನು, ಗಿಣಿ ಉಳಿದೆವು. ಅಣ್ಣ ಮಾಡಿದ್ದನ್ನೇ ನಾನೂ ಮಾಡಿದೆ. ಚೆನ್ನಾಗಿ ಆಕ್ಟ್ ಮಾಡಿದೆ ಕಂದ, ಎಲ್ಲರೂ ನಿಜವಾಗಿಯೂ ಬಿಟ್ಟು ಹೋದರು ಅಂದುಕೊಂಡ ಹಾಗೇ ಇತ್ತು ಎಂದೆ.

ಗಿಣಿ ತಿಂಗಳುಗಳ ಮೇಲೆ ಬಾಯಿ ಬಿಟ್ಟಳು.

“ಎಲ್ಲರೂ ಹೋಗಿರ್ಲಿಲ್ಲ ಅಜ್ಜಿ. ಅಮ್ಮ ಬಾಗಿಲ ಹತ್ರಾನೇ ಇದ್ಳು. ಮಾತಾಡಿದ್ದು ಕೇಳಿಸ್ತು.”

ಹೊರಗೆ ಅವಳ ಅಮ್ಮ ಪತ್ರಿಕೆಯವರಿಗೆ ಮುರಿದ ಬೊಂಬೆಯ ಕಥೆ ಹೇಳುತ್ತಿದ್ದಳು.