ಮುಷ್ಕರದ ದಿನಕ್ಕೆ ಬಿದ್ದ ಸರದಿ

ಕರಪತ್ರ ಬರೆದವಳು ಅವಳೇ. ಸಂಶೋಧನಾಲಯದ ಎಕ್ಸ್-ರೇ ಯಂತ್ರ ನಡೆಸುವ ಗುತ್ತಿಗೆ ಕೆಲಸಗಾರರಿಂದ ಎರಡು ಪಾಳಿ ದುಡಿಸಿ ಒಂದೇ ಪಾಳಿಯ ಕೂಲಿ ಕೊಡುತ್ತಿದ್ದ ಆಡಳಿತದ ವಿರುದ್ಧ, ಮಂಗಳವಾರ ಮುಷ್ಕರವೆಂದು ಮೇಜು ಗುದ್ದಿ ದಿನ ಗೊತ್ತುಮಾಡಿದವಳೂ ಅವಳೇ. ಅವಳೊಡನೆ ಹೋರಾಟದ ಪುಸ್ತಕಗಳನ್ನು ಓದಿ ಚರ್ಚಿಸುವ ಓದುಬಳಗದವರು ಅವಳನ್ನು ಸುಮ್ಮನೆ ಕಿಡಿ ಎನ್ನುತ್ತಿರಲಿಲ್ಲ.

ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲನ್ನು ಅಳೆಯುವ ಈ ಸಂಶೋಧಕಿ ಮಹಾತಾಯಿ, ಅದೇ ಯಂತ್ರದಲ್ಲಿ ನಡೆಯುವ ಪ್ರಯೋಗಗಳ ಸರದಿಪಟ್ಟಿಯನ್ನು ಮಾತ್ರ ನೋಡಿರಲಿಲ್ಲ. ನೋಡುವುದೇನು, ಕರಪತ್ರವನ್ನು ಅದರ ಮೇಲೆಯೇ ಅಂಟಿಸಿಬಿಟ್ಟಿದ್ದಳು. ಅವಳು ವರ್ಷವಿಡೀ ಕಾದಿದ್ದ ಸರದಿ ಅದೇ ಮಂಗಳವಾರಕ್ಕೆ ಬಿದ್ದಿತ್ತು. ತಪ್ಪಿದರೆ ಮತ್ತೊಂದು ವರ್ಷ. ಅಷ್ಟರಲ್ಲಿ ಅವಳ ಫೆಲೋಶಿಪ್ಪೇ ಮುಗಿದಿರುತ್ತಿತ್ತು.

ಸೋಮವಾರ ಸಂಜೆ ಕಂಟ್ರೋಲ್ ರೂಮಿನಲ್ಲಿ ಹಿರಿಯ ಆಪರೇಟರ್ ಮುಂದೆ ಕೈ ಹೊಸೆಯುತ್ತ ನಿಂತಳು.

"ಅಣ್ಣಾ, ನಾಳೆ ನಂದೊಂದು ಚಿಕ್ಕ ಪ್ರಯೋಗ. ಹರಳಿಗೆ ಲೇಸರ್ ತಾಗಿದ ಕೂಡಲೇ ಒಳಗಿನ ಪರಮಾಣುಗಳು ಜಾಗ ಬಿಟ್ಟು ಸರಿಯುತ್ತವೆ. ವಾಪಸ್ ಬರೋದ್ರೊಳಗೆ ಎಕ್ಸ್-ರೇಯಲ್ಲಿ ಹಿಡೀಬೇಕು. ಕಣ್ಣು ಮಿಟುಕಿಸೋದ್ರೊಳಗೆ ಆಗೋಗುತ್ತೆ."

"ಮತ್ತೆ ಇಡೀ ದಿನ ಯಂತ್ರ ಯಾಕಮ್ಮಾ?"

"ಒಂದ್ಸಲ ಹೊಡೆದ್ರೆ ಏನೂ ಕಾಣಲ್ಲ. ಲಕ್ಷಾಂತರ ಸಲ ಹೊಡೀಬೇಕು."

"ನಮ್ಮ ಅರ್ಜಿಗಳೂ ಅಷ್ಟೇ ನೋಡು. ಎಷ್ಟು ಹೊಡೆದ್ರೂ ಮೇಲಿನವರು ಅಲ್ಲಾಡಲ್ಲ."

ಅವಳು ನಗಲಿಲ್ಲ. ವಿಜ್ಞಾನವೂ ಜನರದ್ದೇ, ವಿಶೇಷ ಸಂದರ್ಭಗಳಲ್ಲಿ ಸ್ವಲ್ಪ ಹೊಂದಿಕೊಂಡು ಹೋಗಬೇಕು, ವಿಶಾಲ ಹಿತ ಮುಖ್ಯ ಎಂದೆಲ್ಲ ಕೊರೆದಳು.

"ಹೋದ ವಾರ ಮ್ಯಾನೇಜರ್ ಬಂದು ಇದನ್ನೇ ಹೇಳಿದ," ಎಂದ ಅಣ್ಣ. "ಅವನಿಗಿಂತ ನೀನೇ ಚೆನ್ನಾಗಿ ಮಾತಾಡ್ತೀಯ ಬಿಡು. ಬೇಕೇ ಬೇಕು ಅಂದ್ರೆ ಯಂತ್ರ ಓಡಿಸ್ತೀವಿ. ಆದ್ರೆ ನಾಳೆ ಗೇಟಿನ ಹತ್ರ ಎಲ್ರಿಗೂ ನೀನೇ ಹೇಳ್ಬೇಕು."

ಮಂಗಳವಾರ ಗೇಟಿನ ಮುಂದೆ ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ರಾತ್ರಿಯಿಡೀ ಉರು ಹೊಡೆದಿದ್ದ "ಸಂಗಾತಿಗಳೇ, ಒಂದೇ ಒಂದು ವಿನಾಯಿತಿ" ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಒಬ್ಬಾಕೆ, ಎರಡನೆಯ ಪಾಳಿ ಮುಗಿಸಿ ನೇರವಾಗಿ ಬಂದವಳು, ಕಂಬಕ್ಕೆ ಒರಗಿ ನಿಂತಲ್ಲೇ ತೂಕಡಿಸುತ್ತಿದ್ದಳು.

"ಯಂತ್ರ ನಿಲ್ಲಿಸಿ," ಎಂದಳು ಕಿಡಿ.

ನಿಲ್ಲಿಸಿದರು. ಎಲ್ಲರೂ ಗೇಟಿಗೆ ಅಡ್ಡಲಾಗಿ ಸಾಲು ಹಿಡಿದು ಧರಣಿ ಕೂತರು. ಎಂಥ ತ್ಯಾಗ ಎಂದು ಯಾರೂ ಬೆರಗಾಗಲಿಲ್ಲ, ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅದಕ್ಕೂ ಅವಳಿಗೆ ಒಳಗೊಳಗೇ ಸಿಟ್ಟು ಬಂತು.

"ಅಲ್ಲಿ ನಿಂತು ಏನ್ ನೋಡ್ತಿದ್ದೀಯಮ್ಮಾ?" ಅಣ್ಣ ಕೂಗಿದ. "ಬಂದು ಕೂತ್ಕೋ. ಈ ಕಡೆ ಸಾಲು ತೆಳ್ಳಗಿದೆ."