ಒಂದು ಪಾಯಿಂಟ್ ಎಂಟು

"ಒಂಬತ್ತನೇ ಕ್ಲಾಸ್ ಬಿಟ್ಟ ಹಮಾಲನ ಮಗನ ಮಾತು ಕೇಳಿ ಕಂಪ್ಯೂಟರ್ ತಂದೆ ನೋಡ್ರಿ, ನನ್ನ ಮೆಟ್ಟು ತಗೊಂಡು ನಾನಽ ಬಡ್ಕೋಬೇಕು!"

ಮಾಲೀಕ ಶಿವಯೋಗಪ್ಪ ಹೀಗೆ ಕೂಗಿದಾಗ ಸ್ಟುಡಿಯೊದಲ್ಲಿ ಏಳು ಜನ ಇದ್ದರು. ಪಾಸ್‌ಪೋರ್ಟ್ ಫೋಟೊಕ್ಕೆಂದು ತಲೆ ಬಾಚಿಕೊಳ್ಳುತ್ತಿದ್ದ ಇಬ್ಬರು ಕಾಲೇಜು ಹುಡುಗಿಯರು ಬಾಚಣಿಗೆ ಹಿಡಿದೇ ನನ್ನ ಕಡೆ ತಿರುಗಿದರು. ಹಮಾಲನ ಮಗ ನಾನೇ, ಮಾರೇಶ. ಹರಪನಹಳ್ಳಿ ಬಸ್ ನಿಲ್ದಾಣದ ಎದುರಿನ ಆ ಸ್ಟುಡಿಯೊದಲ್ಲಿ ಮಿಕ್ಸಿಂಗ್ ಕೆಲಸ ನನ್ನದು. ಮದುವೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಕತ್ತರಿಸಿ, ಹಾಡು ಸೇರಿಸಿ ಸಿ.ಡಿ. ಮಾಡುವುದು. ಎರಡು ಸಾವಿರದ ಮೂರರ ಮಾತಿದು.

ಆಗಿದ್ದಿಷ್ಟು. ಅರಸೀಕೆರೆಯ ನಾಗಪ್ಪ ಎಂಬ ಹಿರಿಯರು ತಮ್ಮ ಇಬ್ಬರು ಹೆಣ್ಣುಮಕ್ಕಳ ಮದುವೆಯ ವಿಡಿಯೊ ಮಾತಾಡಲು ಬಂದಿದ್ದರು. ರಸ್ತೆಯಾಚೆ ಬೆನಕಪ್ಪ ಹೊಸದಾಗಿ ತೆರೆದ ಸ್ಟುಡಿಯೊದ ಬೋರ್ಡು ಕೂತಲ್ಲಿಂದಲೇ ಅವರಿಗೆ ಕಂಡಿತು. '2.4 ಗಿಗಾಹರ್ಟ್ಸ್ ಕಂಪ್ಯೂಟರ್ ಮಿಕ್ಸಿಂಗ್' ಎಂದು ಕೆಂಪಕ್ಷರ.

"ನಿಮ್ದು ಎಷ್ಟರದೈತ್ರಿ?" ಎಂದು ನಾಗಪ್ಪ ಕೇಳಿದರು.

"ಒಂದು ಪಾಯಿಂಟ್ ಎಂಟು" ಎಂದ ಶಿವಯೋಗಪ್ಪ.

"ಹಂಗಾರ ಅವ್ರದಽ ಜೋರು. ನಾವು ಮೋಟರ್ ತಗೊಳ್ಳಾಕ ಹೋದ್ರೂ ಮೂರು ಎಚ್.ಪಿ.ಯೋ ಐದು ಎಚ್.ಪಿ.ಯೋ ಅಂತ ನೋಡ್ತೀವಿ. ಮಕ್ಳು ಗಂಡನ ಮನಿಗೆ ಹೋಗೋದ್ರೊಳಗ ಸಿ.ಡಿ. ಕೈಗೆ ಬರಬೇಕು ನೋಡ್ರಿ" ಎಂದು ಎದ್ದು ಹೊರಟೇಬಿಟ್ಟರು. ಅವರು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಾಗಲೇ ಆ ಬೈಗುಳ ಬಿದ್ದದ್ದು. ಅವರಿಗೂ ಕೇಳಲಿ ಎಂದೇ ಬಿದ್ದದ್ದು.

"ಬಳ್ಳಾರಿ ಅಂಗಡ್ಯಾವ ನಿನಗೆಷ್ಟು ಕೊಟ್ನಲೇ? ಕಮಿಷನ್ ತಿಂದಿ ನೀನು."

ಎಂಟು ತಿಂಗಳ ಹಿಂದೆ ಬಳ್ಳಾರಿಗೆ ಹೋಗಿ ಆ ಕಂಪ್ಯೂಟರನ್ನು ಆರಿಸಿದವನು ನಾನೇ. ಅಂಗಡಿಯಲ್ಲಿ ಒಂದೇ ಬೆಲೆಗೆ ಎರಡಿದ್ದವು. ದಿನವಿಡೀ ಎರಡರ ಮುಂದೆಯೂ ಕೂತು, ನಮ್ಮದೇ ಕ್ಯಾಸೆಟ್ ಹಾಕಿ ನೋಡಿ, ಗಿಗಾಹರ್ಟ್ಸ್ ಅಂಕಿ ಕಡಿಮೆ ಇದ್ದರೂ ಕೆಲಸ ಬೇಗ ಮುಗಿಸಿದ್ದನ್ನು ತಂದಿದ್ದೆ. ಗಿಗಾಹರ್ಟ್ಸ್ ಎಂದರೆ ಪ್ರೊಸೆಸರಿನ ಗಡಿಯಾರ ಸೆಕೆಂಡಿಗೆ ಎಷ್ಟು ಕೋಟಿ ಸಲ ಬಡಿಯುತ್ತದೆ ಎಂಬುದಷ್ಟೇ. ಒಂದು ಬಡಿತಕ್ಕೆ ಎಷ್ಟು ಕೆಲಸ ಮುಗಿಯುತ್ತದೆ ಎಂಬುದು ಆ ಅಂಕಿಯಲ್ಲಿ ಇರುವುದಿಲ್ಲ. ಒಂದೇ ತಳಿಯ ಎರಡು ಪ್ರೊಸೆಸರ್ ಆಗಿದ್ದರೆ ಅಂಕಿ ನೋಡಿ ಆರಿಸಬಹುದು. ಇವು ಬೇರೆ ಬೇರೆ ತಳಿಯವು.

ಇದನ್ನು ನಾನು ಯಾವ ಕೋರ್ಸಿನಲ್ಲೂ ಕಲಿತದ್ದಲ್ಲ. ಆದರೂ ಹೇಳಿದೆ.

"ಅಣ್ಣಾ, ನಮ್ಮಪ್ಪ ಎಪಿಎಂಸಿಯಾಗ ಮೆಕ್ಕೆಜೋಳದ ಚೀಲ ಹೊರ್ತಾನ. ಒಬ್ಬ ಅರ್ಧ ಚೀಲ ಹೊತ್ಗೊಂಡು ತಾಸಿಗೆ ಇಪ್ಪತ್ನಾಕು ಸಲ ಓಡ್ತಾನ. ಇನ್ನೊಬ್ಬ ತುಂಬಿದ ಚೀಲ ಹೊತ್ಗೊಂಡು ಹದಿನೆಂಟು ಸಲ ನಡೀತಾನ. ಯಾರ ಲಾರಿ ಮದ್ಲು ತುಂಬತೈತಿ?"

"ಹದಿನೆಂಟರವ್ನದು" ಎಂದಳು ಬಾಚಣಿಗೆಯ ಹುಡುಗಿ.

"ನಿಮ್ಮಪ್ಪನ ಚೀಲ ನನ್ನ ಅಂಗಡ್ಯಾಗ ತರಬ್ಯಾಡ" ಎಂದ ಶಿವಯೋಗಪ್ಪ. "ಸೋಮವಾರದಿಂದ ಸರ್ಟಿಫಿಕೇಟ್ ಇದ್ದವನ್ನ ಕೂರಿಸ್ತೀನಿ."

ಆ ಕುರ್ಚಿ ಹೋದರೆ ನನಗೆ ಉಳಿಯುವುದು ಅಪ್ಪ ಪಕ್ಕೀರಪ್ಪನ ಜೊತೆ ಚೀಲ. ಹೊರುತ್ತೇನೆ, ಅದಕ್ಕೇನು. ಆದರೆ ಕಮಿಷನ್ ತಿಂದವನು ಎಂಬ ಹೆಸರು ಒಮ್ಮೆ ಅಂಟಿದರೆ ಬಸ್ ನಿಲ್ದಾಣದ ಸುತ್ತಿನ ಯಾವ ಅಂಗಡಿಯವನೂ ನನ್ನನ್ನು ಒಳಗೆ ಬಿಡುವುದಿಲ್ಲ. ನನ್ನಂಥವರ ಮನೆಯ ಹೆಸರಿಗಂತೂ ಅದು ಬೇಗ ಅಂಟುತ್ತದೆ.

"ಎರಡನ್ನೂ ಓಡಿಸಿ ನೋಡೋಣು" ಎಂದೆ. "ಸೋತ್ರ ನಾನಽ ಹೋಗ್ತೀನಿ."

ಬೆನಕಪ್ಪ ಖುಷಿಯ ಮನುಷ್ಯ. ಕೇಳಿದ ಕೂಡಲೇ "ಬರ್ರಿ ಬರ್ರಿ, ಯಾರು ಸೋತ್ರೂ ಚಹಾ ನಂದು" ಎಂದ. ಹದಿನೈದು ನಿಮಿಷದ ಒಂದೇ ಧಾರೆ ಎರೆಯುವ ದೃಶ್ಯವನ್ನು ಎರಡೂ ಕಂಪ್ಯೂಟರಿಗೆ ಇಳಿಸಿದೆವು. ಅದನ್ನು ಸಿ.ಡಿ.ಗೆ ತಕ್ಕಂತೆ ಯಾವುದು ಮೊದಲು ಪರಿವರ್ತಿಸುತ್ತದೆ ಎಂಬುದೇ ಪಂದ್ಯ. ಸಾಫ್ಟ್‌ವೇರ್ ಒಂದೇ, ರ‍್ಯಾಮ್ ಕೂಡ ಎರಡರಲ್ಲೂ ಅಷ್ಟೇ. ಮೋಸ ಆಗಬಾರದೆಂದು ಶಿವಯೋಗಪ್ಪ ಬೆನಕಪ್ಪನ ಕಂಪ್ಯೂಟರಿನ ಮುಂದೆ ಕೂತ, ಬೆನಕಪ್ಪ ನಮ್ಮದರ ಮುಂದೆ. ನಾನು ಎರಡನ್ನೂ ಮುಟ್ಟುವಂತಿಲ್ಲ. ಕರೆಂಟ್ ಹೋಗದ ಮಧ್ಯಾಹ್ನದ ಹೊತ್ತು ನೋಡಿ, ರಸ್ತೆಯ ನಡುವೆ ನಿಂತು ಕೈ ಕೆಳಗಿಳಿಸಿ "ಹೂಂ!" ಎಂದೆ. ಕೊಟ್ಟೂರು ಬಸ್ಸಿನವನು ಹಾರ್ನ್ ಬಾರಿಸಿ ನನಗೆ ಬೈದು ಹೋದ.

ಇಪ್ಪತ್ತಾರನೇ ನಿಮಿಷಕ್ಕೆ ಬೆನಕಪ್ಪ ನಮ್ಮ ಬಾಗಿಲಿಗೆ ಬಂದು ಕೈಯೆತ್ತಿದ. "ನಿಮ್ದು ಮುಗೀತಲೇ ಮಾರೇಶ!"

ಬೆನಕಪ್ಪನದು ಮುಗಿದು ಶಿವಯೋಗಪ್ಪ ಆಚೆಯಿಂದ ಎದ್ದು ಬಂದಾಗ ಒಟ್ಟು ಮೂವತ್ತಮೂರು ನಿಮಿಷ ಆಗಿತ್ತು.

"ನನಗ ಮದ್ಲಽ ಗೊತ್ತಿತ್ತು" ಎಂದ ಬೆನಕಪ್ಪ, ಚಹಾದ ಲೋಟ ನನ್ನ ಕೈಗಿಡುತ್ತ. "ಆದ್ರ ಬೋರ್ಡಿಗೊಂದು ನಂಬರ್ ಬೇಕಲ್ಲಪಾ. ನಿಮ್ದು ಕೆಲಸ ಮಾಡತೈತಿ, ನಂದು ಗಿರಾಕಿ ತರತೈತಿ."

ನಾನು ಶಿವಯೋಗಪ್ಪನ ಮುಖ ನೋಡುತ್ತ ನಿಂತೆ. ಅವನು ಚಹಾ ಊದಿ ಊದಿ ಕುಡಿದ.

"ಕಮಿಷನ್ ಅಂದದ್ದು?" ಎಂದೆ ನಾನೇ.

"ಆತು ಬಿಡಲೇ. ಅಂದ್ರ ಮೈಗೇನು ಗಾಯ ಆತೇನು?"

"ಏಳು ಮಂದಿ ಮುಂದ ಅಂದ್ರಿ."

"ಆ ಏಳು ಮಂದಿನ ಈಗ ಎಲ್ಲಿಂದ ಹುಡ್ಕೊಂಡು ಬರ್ಲಿ? ಹೋಗಿ ಕೆಲಸ ನೋಡು."

ಕುರ್ಚಿ ಉಳಿಯಿತು. ಎರಡು ದಿನ ಮಿಕ್ಸಿಂಗ್ ಮಾಡಿದೆ. ಮೂರನೇ ದಿನ ಬೆಳಿಗ್ಗೆ ಬರುವಷ್ಟರಲ್ಲಿ ಪೇಂಟರ್ ನಮ್ಮ ಬಾಗಿಲ ಮೇಲೆ ಏಣಿ ಹಾಕಿದ್ದ. ಬೆನಕಪ್ಪನದಕ್ಕಿಂತ ದೊಡ್ಡ ಬೋರ್ಡು. '3.0 ಗಿಗಾಹರ್ಟ್ಸ್.'

"ಅಣ್ಣಾ, ಇದು ಸುಳ್ಳು."

"ಹೆಂಗ ಸುಳ್ಳಲೇ?" ಶಿವಯೋಗಪ್ಪ ಕ್ಯಾಲ್ಕ್ಯುಲೇಟರನ್ನು ನನ್ನ ಮೂಗಿಗೆ ಹಿಡಿದ. "ಎರಡು ಪಾಯಿಂಟ್ ನಾಕರದು ಮೂವತ್ಮೂರು ನಿಮಿಷಕ್ಕ ಮಾಡಿದ್ದನ್ನ ನಮ್ದು ಇಪ್ಪತ್ತಾರಕ್ಕ ಮಾಡೈತಿ. ಗುಣಿಸಿ ಭಾಗಿಸು. ಮೂರು ಬರತೈತಿ. ಪರೀಕ್ಷೆ ಮಾಡಿ ತೋರ್ಸಿದವ ನೀನಽ."

ಲೆಕ್ಕ ಸರಿಯಿತ್ತು. ಅದೇ ನನಗೆ ಬೆಂಕಿ ಹಚ್ಚಿತು. ಅಂಕಿಯನ್ನು ನಂಬಬೇಡಿ ಎಂದು ನಾನು ತೋರಿಸಿಕೊಟ್ಟಿದ್ದರಿಂದಲೇ ಅವನು ಹೊಸ ಅಂಕಿ ಮಾಡಿಕೊಂಡಿದ್ದ.

"ಯಾರಾದ್ರೂ ಕಂಪ್ಯೂಟರ್ ಒಳಗ ನೋಡಿದ್ರ ಒಂದು ಪಾಯಿಂಟ್ ಎಂಟು ಅಂತ ತೋರಿಸ್ತೈತಿ."

"ಹುಡುಗ ಹಂಗ ಹೇಳಿ ತಂದ ಅಂತೀನಿ."

ಅಂದು ಹನ್ನೊಂದು ಗಂಟೆಗೆ ಅರಸೀಕೆರೆಯ ನಾಗಪ್ಪ ಮತ್ತೆ ಬಂದರು. ಈ ಸಲ ಬೀಗರ ಕಡೆಯ ನಾಲ್ವರು ಜೊತೆಗಿದ್ದರು. ಬೋರ್ಡನ್ನು ಎರಡು ಸಲ ಓದಿ ಒಳಗೆ ಬಂದು ಕೂತರು.

"ಮೊನ್ನೆ ಒಂದು ಪಾಯಿಂಟ್ ಎಂಟು ಅಂದ್ರಿ. ಇವತ್ತು ಮೂರಾಗೈತಿ?"

"ಹೊಸಾದು ತಂದೀನ್ರಿ" ಎಂದ ಶಿವಯೋಗಪ್ಪ, ನಗುನಗುತ್ತ. "ಆ ಹಳೇದ್ರಾಗ ಈ ಹುಡುಗ ಕಮಿಷನ್ ತಿಂದಿದ್ದ. ನೀವು ಅವತ್ತು ಕಣ್ಣು ತೆರೆಸಿದ್ರಿ. ಅದನ್ನ ಕಿತ್ತು ಒಗದೆ."

ನಾಗಪ್ಪ ನನ್ನ ಕಡೆ ತಿರುಗಿದರು. ಬೈಯುವ ಮುಖವಲ್ಲ ಅದು. ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು: "ಖರೇನಾ ತಮ್ಮಾ? ಇದು ಮೂರರದಽ ಏನು?"

ಪರದೆಯ ಮೇಲೆ ಯಾರದೋ ಮದುವೆಯ ಅಕ್ಷತೆ ಬೀಳುವುದು ಅರ್ಧಕ್ಕೆ ನಿಂತಿತ್ತು. ಹೌದು ಎಂದರೆ ಹಳೆಯದರಲ್ಲಿ ಕಮಿಷನ್ ತಿಂದ ಕಳ್ಳ ನಾನು. ಇಲ್ಲ ಎಂದರೆ ಇದೂ ಅದೇ ಹಳೆಯ ಕಂಪ್ಯೂಟರ್ ಎಂದಾಗುತ್ತದೆ, ಆಗಲೂ ಅದನ್ನು ತಂದ ಕಳ್ಳ ನಾನೇ.

"ಹೇಳಲೇ, ದೊಡ್ಡೋರು ಕೇಳ್ತಾರ!" ಎಂದ ಶಿವಯೋಗಪ್ಪ.

ಕುರ್ಚಿಯನ್ನು ಹಿಂದಕ್ಕೆ ನೂಕಿ ಎದ್ದೆ. ಬೀಗರೊಬ್ಬರು ಕಾಲು ಮಡಚಿ ದಾರಿ ಬಿಟ್ಟರು. "ಲೇ, ನಿನ್ನಽ ಕೇಳಿದ್ದು! ಬಾಯಾಗ ಏನಿಟ್ಕೊಂಡಿ?" ಎಂಬ ಕೂಗು ಬೆನ್ನಿಗೆ ಬಡಿಯಿತು. ಪೇಂಟರಿನ ಏಣಿಯ ಕೆಳಗೆ ನುಗ್ಗಿ, ಹಿಂದೆ ಸರಿಯುತ್ತಿದ್ದ ದಾವಣಗೆರೆ ಬಸ್ಸನ್ನು ಸುತ್ತುಹಾಕಿ ರಸ್ತೆಗಿಳಿದೆ, ತಿರುಗಿ ನೋಡದೆ ನಡೆದೆ.