ಅಂಗಳದಲ್ಲಿ ಕುಳಿತ ಟೀಚರು

ತೋಡಾರಿನ ಜುಲೈಕಾ ಮನುಷ್ಯರ ಮುಖವನ್ನು ಮೊದಲು ನೋಡುವವಳಲ್ಲ. ಎದುರಿಗೆ ಬಂದವನು ಶಾಸಕನಿರಲಿ, ಮೀನು ಮಾರುವವನಿರಲಿ, ಅವಳ ದೃಷ್ಟಿ ಮೊದಲು ಅವನ ಬೆರಳುಗಳ ಮೇಲೆ ಇಳಿದು, ಉಗುರು, ಗಂಟು, ಅಂಗೈಯ ಒರಟನ್ನೆಲ್ಲ ಪರಾಮರ್ಶಿಸಿ, ಆಮೇಲೆ ಪುರಸೊತ್ತಿದ್ದರೆ ಮುಖಕ್ಕೆ ಏರುತ್ತದೆ. ಬಾಲ್ಯದಿಂದ ಬೀಡಿ ಕಟ್ಟಿದವಳ ಕತ್ತು ಅದು. ಮಡಿಲಿನ ಗೆರಸೆಯ ಕಡೆಗೆ ಬಾಗಿದ್ದು ಮತ್ತೆ ನೆಟ್ಟಗಾಗಲಿಲ್ಲ. ನಡೆಯುವಾಗಲೂ ಎಡ ಸೊಂಟದಲ್ಲಿ ಬೀಡಿಯ ಚೀಲವಿದ್ದ ಹಾಗೆ ಬಲಕ್ಕೆ ವಾಲಿಕೊಂಡು, ಬಸ್ಸು ತಪ್ಪೀತೆನ್ನುವ ವೇಗದಲ್ಲಿ ನಡೆಯುತ್ತಾಳೆ. ಕೆಲಸಕ್ಕೆ ಕುಳಿತರೆ ಮೈಮೇಲೆ ತೀರಿಹೋದ ಗಂಡ ಬಾವಾನ ಚೌಕಳಿ ಶರ್ಟು. ಅದನ್ನು ದಾಂಪತ್ಯದ ಸ್ಮಾರಕವೆಂದು ಭಾವಿಸಿ ಕಣ್ಣು ಒದ್ದೆ ಮಾಡಿಕೊಂಡವರನ್ನು ಅವಳೇ ತಿದ್ದುತ್ತಾಳೆ: "ಪ್ರೀತಿ ಎಂತದು? ಶರ್ಟಿಗೆ ಕಿಸೆ ಉಂಟು, ಅದಕ್ಕೆ."

ಅವಳು ನನಗೆ ಪರಿಚಯವಾದದ್ದು ಬಂಟ್ವಾಳದ ಬೀಡಿ ಮುಷ್ಕರದಲ್ಲಿ, ಅವಳಿನ್ನೂ ತವರಿನಲ್ಲಿದ್ದ ಕಾಲಕ್ಕೆ. ಕಂಟ್ರಾಕ್ಟರನ ಜಗಲಿಯಲ್ಲಿ ಬೀಡಿ ಪರೀಕ್ಷಿಸುವ ಶೀನಪ್ಪ ಎಂಬ ಚೆಕ್ಕರ್ ಕೂತಿರುತ್ತಿದ್ದ. ಹೆಂಗಸರು ತಂದ ಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ, ತಲೆ ಎತ್ತದೆ ನಾಲಗೆ ಲೊಚಗುಟ್ಟಿ, ಇಡೀ ಕಟ್ಟನ್ನೇ ಬುಟ್ಟಿಗೆ ಬಿಸಾಡುತ್ತಿದ್ದ. ಬಿಸಾಡಿದ ಬೀಡಿಗೆ ಮಜೂರಿಯೂ ಇಲ್ಲ, ಬೀಡಿ ವಾಪಸೂ ಇಲ್ಲ. ಅದರ ವಿರುದ್ಧ ಹೆಂಗಸರು ಗೆರಸೆಗಳನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು ಜಗಲಿಯ ಎದುರು ಕುಳಿತಾಗ ಯೂನಿಯನ್ನಿನವನಾದ ನಾನು ದೀರ್ಘ ಭಾಷಣಗಳನ್ನು ಮಾಡಿದೆ, ಅವರು ಆಕಳಿಸಿದರು. ಜುಲೈಕಾ ಎದ್ದು ನಿಂತು ಶೀನಪ್ಪನ ಹಾಗೆ ಹೆಬ್ಬೆರಳು ಒತ್ತಿ ಲೊಚಗುಟ್ಟಿದಳು. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಆ ನಗುವಿನ ಮರುದಿನದಿಂದ ಶೀನಪ್ಪನಿಗೆ ಯಾರೂ ಹೆದರಲಿಲ್ಲ.

ಬೀಡಿಯ ಕೆಲಸ ಕಡಿಮೆಯಾಗುತ್ತ ಬಂದಾಗ ಅವಳು ಹೊಲಿಗೆ ಕಲಿತಳು; ಮುಂದೆ ತೋಡಾರಿನಲ್ಲಿ ಕಲಿಸಿದಳು. ಅಕ್ಕನ ಮಗ ಶಮೀರ್ ಟಾಂಜಾನಿಯಾದ ಟಾಂಗಾ ಎಂಬ ಕಡಲೂರಿನಲ್ಲಿ ಅಂಗಡಿ ಇಟ್ಟವನು. ಅಲ್ಲಿನ ಸೇವಾಸಂಸ್ಥೆಯೊಂದಕ್ಕೆ ಹೆಂಗಸರಿಗೆ ಹೊಲಿಗೆ ಕಲಿಸುವವರು ಬೇಕಾಗಿತ್ತು. ಒಂದು ವರ್ಷ, ಊಟ, ಕೋಣೆ ಉಂಟು, ಸಂಬಳ ಇಲ್ಲ. ಬಿ.ಸಿ.ರೋಡಿನ ಹೋಟೆಲಿನಲ್ಲಿ ಚಾ ಕುಡಿಯುತ್ತ ನಾನು ಕೇಳಿದೆ:

"ಈ ಪ್ರಾಯದಲ್ಲಿ ಆಫ್ರಿಕಾಕ್ಕೆ ಎಂತಕ್ಕೆ ಮಾರಾಯ್ತಿ?"

"ಗಲ್ಫಿಗೆ ಹೋಗುವವರನ್ನು ಹೀಗೆ ಕೇಳ್ತೀರಾ ರುಕ್ಮಯ್ಯಣ್ಣ?"

"ಅವರಿಗೆ ಸಂಬಳ ಉಂಟು."

"ನೀವು ಯೂನಿಯನ್ನಿಗೆ ಸಂಬಳಕ್ಕೆ ಹೋದದ್ದಾ?"

ಎರಡು ಚಾದ ದುಡ್ಡನ್ನು ನಾನೇ ಕೊಟ್ಟೆ.

ಅವಳು ಮರಳಿ ಬಂದ ಮೇಲೆ ಅವಳ ಜಗಲಿಯಲ್ಲಿ ಕೂತು ಕೇಳಿದ ಸಂಗತಿಗಳನ್ನು ಈಗ ಬರೆಯುತ್ತಿದ್ದೇನೆ. ಟಾಂಗಾದಲ್ಲಿ ಮಸೀದಿಯ ಬೆಳಗಿನ ಬಾಂಗಿನ ಹೊತ್ತಿಗೆ ಎದ್ದು, ಹಾಲಿಲ್ಲದ ಚಾ ಕುಡಿದು, ಮರಳು ದಾರಿಯಲ್ಲಿ ನಡೆದು ತಗಡಿನ ಮಾಡಿನ ಹೊಲಿಗೆ ಕೇಂದ್ರಕ್ಕೆ ಹೋಗುವುದು. ಹೆಂಗಸರು ಬೆನ್ನಿಗೆ ಮಗುವನ್ನು ಕಟ್ಟಿಕೊಂಡೇ ಬಂದು ಕಾಲಿನ ಮೆಷಿನಿನ ಮುಂದೆ ಕೂರುವುದು. ಮಧ್ಯಾಹ್ನ ಯಾರದೋ ಮನೆಯ ಬೇಯಿಸಿದ ಮರಗೆಣಸು. ಜುಲೈಕಾ ಎಂಬ ಹೆಸರು ಅಲ್ಲಿಯೂ ಇದ್ದುದರಿಂದ ಯಾರಿಗೂ ಅವಳ ಹೆಸರು ತೊಡಕಾಗಲಿಲ್ಲ. ನಮ್ಮಲ್ಲಿ ಇರುವಂಥದೇ ಹೆರೆಮಣೆಯ ಮೇಲೆ ಕೂತು ಅವರು ತೆಂಗಿನಕಾಯಿ ಹೆರೆಯುತ್ತಿದ್ದರಂತೆ. ಊರು ನೆನಪಾಯಿತೇ ಎಂದೆ. "ಊರು ಎಂತಕ್ಕೆ? ಸೊಂಟನೋವು ನೆನಪಾಯ್ತು," ಎಂದಳು.

ಆ ಕೇಂದ್ರಕ್ಕೆ ಒಂದು ಶಾಲೆಯ ಸಮವಸ್ತ್ರ ಹೊಲಿಯುವ ಆರ್ಡರು ಸಿಕ್ಕಿತು. ಶಾಲೆ ತೆರೆಯುವ ಮೊದಲು ಕೊಟ್ಟರೆ ಕೇಂದ್ರ ಉಳಿಯುತ್ತದೆ, ಇಲ್ಲವಾದರೆ ಸಂಸ್ಥೆ ಬಾಗಿಲು ಹಾಕುತ್ತದೆ ಎಂದು ಅದರ ಕೋಆರ್ಡಿನೇಟರ್ ಮೊದಲೇ ತಿಳಿಸಿದ್ದ. ಜುಲೈಕಾಳಿಗೆ ಅವಸರ ಹತ್ತಿತು. ಅವರ ಭಾಷೆ ಅವಳಿಗೆ ಅರೆಬರೆ, ವಿವರಿಸಲು ವ್ಯವಧಾನವಿಲ್ಲ. ಕಾಲರು ಓರೆಯಾದರೆ ಅವರ ಕೈಯಿಂದ ಬಟ್ಟೆ ಎಳೆದುಕೊಂಡು, ಬ್ಲೇಡಿನಿಂದ ಹೊಲಿಗೆ ಬಿಚ್ಚಿ ವಾಪಸು ಎಸೆಯತೊಡಗಿದಳು. ಮ್ವಾನಾಶಾ ಎಂಬ ಹಿರಿಯ ಹೆಂಗಸಿನ ಕಾಲರು ಹೀಗೆ ಮತ್ತೆ ಮತ್ತೆ ಬಿಚ್ಚಿಕೊಂಡಿತು.

ಒಂದು ಬೆಳಿಗ್ಗೆ ಇವಳು ಹೋಗುವಾಗ ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಮೆಷಿನುಗಳ ಚಕ್ರದ ಬೆಲ್ಟುಗಳನ್ನೆಲ್ಲ ಕಳಚಿ ಮಾಲೆಯಂತೆ ಕುತ್ತಿಗೆಗೆ ಹಾಕಿಕೊಂಡು ಹೆಂಗಸರು ಅಂಗಳದ ಮರದ ಕೆಳಗೆ ಸಾಲಾಗಿ ಕುಳಿತಿದ್ದರು. ಇವಳು ಬಾಗಿಲಲ್ಲಿ ನಿಂತು ಗದರಿದಳು, ಯಾರೂ ಅಲುಗಲಿಲ್ಲ. ಆಗ ಮ್ವಾನಾಶಾ ಎದ್ದು, ಬಲಕ್ಕೆ ವಾಲಿ ನಾಲ್ಕು ಹೆಜ್ಜೆ ನಡೆದು, ಕತ್ತು ಬಗ್ಗಿಸಿ, ಪಕ್ಕದವಳ ಮಡಿಲಿನಿಂದ ಬಟ್ಟೆಯನ್ನು ಎಳೆದು, ಹೆಬ್ಬೆರಳಿನಿಂದ ಒತ್ತಿ, ಮುಖ ನೋಡದೆ ನಾಲಗೆ ಲೊಚಗುಟ್ಟಿ ಬಿಸಾಡಿದಳು. ಸಾಲಿಗೆ ಸಾಲೇ ನಕ್ಕಿತು.

"ನನಗೆ ಮ್ವಾನಾಶಾ ಕಾಣಲಿಲ್ಲ ರುಕ್ಮಯ್ಯಣ್ಣ. ಶೀನಪ್ಪ ಕಂಡ," ಎಂದಳು ಜುಲೈಕಾ. "ಸತ್ತು ಎಷ್ಟು ಕಾಲ ಆಯ್ತು ಆ ಜನ. ನನ್ನ ಬಾಯಿಯೊಳಗೆ ಕೂತಿದ್ದ."

ಅವಳು ಬಾಗಿಲಿನಿಂದ ಇಳಿದು ಬಂದು, ಆ ಸಾಲಿನ ತುದಿಯಲ್ಲಿ, ಕೇಂದ್ರದ ಕಡೆಗೇ ಮುಖ ಮಾಡಿ ಕುಳಿತಳು. ಹೆಂಗಸರಿಗೆ ಇದೆಂಥ ಆಟವೆಂದು ಅನುಮಾನ; ಒಬ್ಬಿಬ್ಬರು ದೂರ ಸರಿದರು. ಮಧ್ಯಾಹ್ನ ಕೋಆರ್ಡಿನೇಟರ್ ಜೀಪಿನಲ್ಲಿ ಬಂದ; ತರ್ಜುಮೆಗೆ ಶಮೀರನನ್ನೂ ಕರೆತಂದಿದ್ದ.

"ಇಲ್ಲಿ ಎಂತಕ್ಕೆ ಕೂತದ್ದು ಅಂತ ಕೇಳ್ತಾ ಇದ್ದಾರೆ," ಎಂದ ಶಮೀರ್.

"ಮುಷ್ಕರ ಉಂಟು ಅಂತ ಹೇಳು."

"ಯಾರ ಮೇಲೆ?"

"ನನ್ನ ಮೇಲೆ."

"ಇದನ್ನು ನಾನು ಹೇಗೆ ತರ್ಜುಮೆ ಮಾಡುವುದು? ಮರ್ಯಾದೆಯಲ್ಲಿ ಎದ್ದು ಒಳಗೆ ಹೋಗುವ."

"ನೀನು ಬೇಕಾದರೆ ಹೋಗು. ನಾನು ಇವರು ಎದ್ದ ಮೇಲೆ ಏಳ್ತೇನೆ."

ಶಮೀರ್ ಅಂತೂ ತರ್ಜುಮೆ ಮಾಡಿದ. ಈ ಬಾರಿ ಹೆಂಗಸರ ನಗುವಿನಲ್ಲಿ ಕಹಿ ಇರಲಿಲ್ಲವಂತೆ. ಆದರೂ ಅವರು ತಕ್ಷಣ ಏಳಲಿಲ್ಲ. ಚೌಕಾಸಿ ಸಂಜೆವರೆಗೆ ನಡೆಯಿತು. ಹೆಂಗಸರ ಷರತ್ತು ಇಷ್ಟು: ಒಬ್ಬಳ ಹೊಲಿಗೆಯನ್ನು ಇನ್ನೊಬ್ಬಳು ಬಿಚ್ಚಕೂಡದು. ತಪ್ಪನ್ನು ಬಾಯಿಬಿಟ್ಟು ಹೇಳಬೇಕು. ಪರೀಕ್ಷೆ ಮಾಡುವ ಕೆಲಸ ಸರದಿಯ ಮೇಲೆ ಎಲ್ಲರಿಗೂ ಬರಬೇಕು, ಟೀಚರ ಹೊಲಿಗೆಗೂ ವಿನಾಯಿತಿ ಇಲ್ಲ. ಜುಲೈಕಾ ಒಪ್ಪಿದಳು. ಮರುವಾರ ಮ್ವಾನಾಶಾಳ ಸರದಿ ಬಂದಾಗ ಜುಲೈಕಾ ಕೂಡಿಸಿದ ತೋಳೊಂದು ವಾಪಸು ಬಂತು.

"ನನಗೆ ಬಂದ ಕೋಪ ದೇವರಿಗೇ ಗೊತ್ತು," ಎಂದಳು ನನ್ನ ಹತ್ತಿರ.

"ತೋಳು ಸರಿ ಇತ್ತಾ?"

"ಇಲ್ಲ. ಅದಕ್ಕೇ ಕೋಪ."

ಬಿಚ್ಚಿ ಮತ್ತೆ ಹೊಲಿದಳು.

ಹೀಗೆ ಹೇಳಿಸಿಕೊಂಡು, ಬಿಚ್ಚಿ, ಮತ್ತೆ ಹೊಲಿಯುವುದರಲ್ಲಿ ಶಾಲೆ ತೆರೆದುಬಿಟ್ಟಿತು. ಸಮವಸ್ತ್ರ ತಡವಾಗಿ ತಲುಪಿತು; ಆರ್ಡರು ಮುಂದಿನ ವರ್ಷಕ್ಕೆ ಪೇಟೆಯ ಅಂಗಡಿಗೆ ಹೋಯಿತು; ಸಂಸ್ಥೆ ಹೇಳಿದಂತೆ ಕೇಂದ್ರವನ್ನು ಮುಚ್ಚಿತು. ಇದನ್ನು ಜುಲೈಕಾ ಮುಚ್ಚಿಡುವುದಿಲ್ಲ, ಇದಕ್ಕೆ ಸಮಾಧಾನವನ್ನೂ ಹುಡುಕುವುದಿಲ್ಲ. "ನಾನು ಮೊದಲೇ ಸರಿ ಕಲಿಸಿದ್ದರೆ ಉಳಿಯುತ್ತಿತ್ತು," ಎನ್ನುತ್ತಾಳೆ, ಅಷ್ಟೆ. ಹೆಂಗಸರು ಹಳೆಯ ಮೆಷಿನುಗಳನ್ನು ಮ್ವಾನಾಶಾಳ ಜಗಲಿಗೆ ಸಾಗಿಸಿಕೊಂಡು, ಊರಿನವರ ಬಟ್ಟೆ ಹೊಲಿಯುತ್ತ, ಇವತ್ತಿಗೂ ಸರದಿಯ ಪರೀಕ್ಷೆ ನಡೆಸುತ್ತಾರೆಂದು ಶಮೀರನ ಫೋನಿನಿಂದ ತಿಳಿಯುತ್ತದೆ.

ಧಣಿಯ ಎದುರು ಬಾವುಟ ಹಿಡಿದವರನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ಅನೇಕರು ಮುಂದೆ ಸಂಘದ ಕುರ್ಚಿಯಲ್ಲಿ, ಸೊಸೈಟಿಯ ಕುರ್ಚಿಯಲ್ಲಿ, ಕಡೆಗೆ ತಮ್ಮ ಮನೆಯ ಊಟದ ಮಣೆಯಲ್ಲಿ ಸ್ವತಃ ಧಣಿಗಳಾದದ್ದನ್ನೂ ಕಂಡಿದ್ದೇನೆ. ಅದರಲ್ಲಿ ಅಚ್ಚರಿಯಿಲ್ಲ. ಅಧಿಕಾರವನ್ನು ಅವರು ಬೇರೆಲ್ಲೂ ಕಲಿತವರಲ್ಲ, ಪೆಟ್ಟು ತಿಂದ ಜಾಗದಲ್ಲೇ ಕಲಿತವರು. ತನ್ನ ಮೇಲೆಯೇ ಮುಷ್ಕರ ಹೂಡಿದವರ ಪಕ್ಕದಲ್ಲಿ ಹೋಗಿ ಕೂರಬಲ್ಲ ಜಾಯಮಾನದವರು ಬೇರೆ. ಅವರು ಅಪರೂಪ, ಕಾರ್ಯಸಾಧಕರೂ ಅಲ್ಲ. ಅವರಿಂದ ಕೆಲಸ ತಡವಾಗುತ್ತದೆ, ಆರ್ಡರು ಕೈತಪ್ಪುತ್ತದೆ, ವೇದಿಕೆಯ ಮೇಲೆ ಅವರನ್ನು ಕೂರಿಸಿದರೆ ನಾಳೆ ಯಾವ ಕಡೆಗೆ ಎದ್ದು ಹೋಗುತ್ತಾರೋ ಹೇಳಲಾಗದು. ಆದರೆ ಅಂಥವರೊಬ್ಬರು ಇದ್ದು ಹೋದ ಕಡೆ, ಅವರ ಬೆನ್ನ ಹಿಂದೆಯೂ ಜನ ಒಬ್ಬರನ್ನೊಬ್ಬರು ಹೆದರದೆ ತಿದ್ದಿಕೊಳ್ಳುತ್ತಾರೆ.